ಉಸಿರಾಟದಿಂದ ಕಾಲಿನ ಬಿಗಿತ ತಗ್ಗುವುದೇ?

ಪ್ರಶ್ನೆ: ನನ್ನ ತಮ್ಮನಿಗೆ ಬೆನ್ನುಹುರಿಗೆ ಟಿ-4 (ಎದೆಭಾಗದ ನಾಲ್ಕನೇ ಬೆನ್ನುಮೂಳೆ) ಮಟ್ಟದಲ್ಲಿ ಪೆಟ್ಟಾಗಿದೆ. ಗಾಲಿಕುರ್ಚಿಗೆ ಕೂರಿಸುವಾಗ ಕಾಲುಗಳು ಕೋಲಿನಂತೆ ಸೆಟೆದುಕೊಳ್ಳುತ್ತವೆ. ಬಿಗಿತ ತಗ್ಗಿಸಲು ಕೊಟ್ಟ ಬ್ಯಾಕ್ಲೋಫೆನ್ ಮಾತ್ರೆಯಿಂದ ಮಂಪರು ಬರುತ್ತದೆ. ಉಸಿರಾಟದ ಚಿಕಿತ್ಸೆ ಮಾಡಿ ಮಾತ್ರೆ ಬಿಡಬಹುದೇ?

ಉತ್ತರ: ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬ್ಯಾಕ್ಲೋಫೆನ್ ಥಟ್ಟನೆ ಬಿಟ್ಟರೆ ಬಿಗಿತ ಹೆಚ್ಚುವುದಲ್ಲದೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಮಂಪರಿನ ವಿಷಯ ವೈದ್ಯರಿಗೆ ಹೇಳಿ. ಡೋಸ್ ಅಥವಾ ಹೊತ್ತು ಬದಲಿಸುತ್ತಾರೆ.

ಮಿದುಳಿನಿಂದ ಇಳಿಯುವ ಹತೋಟಿ ತಪ್ಪಿದಾಗ ಗಾಯದ ಕೆಳಗಿನ ರಿಫ್ಲೆಕ್ಸ್‌ಗಳು (ತಾನಾಗಿಯೇ ಆಗುವ ಪ್ರತಿಕ್ರಿಯೆಗಳು) ಕೆರಳುತ್ತವೆ. ಬಿಗಿತದ ಮೂಲ ಅದು. ಉಸಿರಾಟ ಅದನ್ನು ಸರಿಪಡಿಸದು. ಆದರೆ ಆತಂಕ, ನೋವು ಬಿಗಿತವನ್ನು ಹೆಚ್ಚಿಸುತ್ತವೆ. ನಿಧಾನದ ಉಸಿರು ಅವನ್ನು ತಗ್ಗಿಸಿ ಸ್ಟ್ರೆಚಿಂಗ್‌ಗೆ ನೆರವಾಗಬಹುದು.

ಅಂಗಾತ ಮಲಗಿಸಿ, ಮೊಣಕಾಲ ಕೆಳಗೆ ದಿಂಬಿಡಿ. ಹೊಟ್ಟೆಯ ಸ್ನಾಯುಗಳಿಗೆ ಬಲವಿಲ್ಲದವರಿಗೆ ಕೂತದ್ದಕ್ಕಿಂತ ಮಲಗಿದಾಗ ವಪೆ (ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಚೆನ್ನಾಗಿ ಕೆಲಸ ಮಾಡುತ್ತದೆ. ಮೂಗಿನಿಂದ 4 ಸೆಕೆಂಡು ಒಳಗೆ, ತುಟಿ ಕಿರಿದುಮಾಡಿ 6 ಸೆಕೆಂಡು ಹೊರಗೆ. ಹೀಗೆ ಐದು ನಿಮಿಷ. ಉಸಿರು ಬಿಗಿಹಿಡಿಯಬಾರದು, ತಲೆ ಸುತ್ತಿದರೆ ನಿಲ್ಲಿಸಿ. ಆಮೇಲೆ ದಿಂಬು ತೆಗೆದು, ಅವರು ಉಸಿರು ಬಿಡುವಾಗ ನೀವು ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಒತ್ತಿ, 30ರಿಂದ 60 ಸೆಕೆಂಡು ಹಾಗೇ ಇರಿ.

ಹೆಚ್ಚಿನವರು ಎಡವುವುದು ವೇಗದಲ್ಲಿ. ಸ್ನಾಯುವನ್ನು ಎಷ್ಟು ಬೇಗ ಎಳೆದರೆ ಅಷ್ಟು ಬಲವಾಗಿ ಅದು ತಿರುಗಿ ಬಿಗಿಯುತ್ತದೆ. ಪಾದ ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ಆಗ ಜಗ್ಗಾಡದೆ, ಹಿಡಿದಲ್ಲೇ ಹಿಡಿದು ಕಾಯಿರಿ. ಕುರ್ಚಿಗೆ ಕೂರಿಸುವ ಮುನ್ನ ಇದನ್ನೆಲ್ಲ ಮಾಡಿದರೆ ಪ್ರಯೋಜನ ಹೆಚ್ಚು.

ಕಡಿಮೆ ಆಮ್ಲಜನಕದ ಗಾಳಿಯನ್ನು ನಿಮಿಷದಷ್ಟು ಹೊತ್ತು, ನಡುನಡುವೆ ಸಾಮಾನ್ಯ ಗಾಳಿಯನ್ನು ಕೊಡುವ ವಿಧಾನದ ಬಗ್ಗೆಯೂ ಕೇಳಿರಬಹುದು. ಬೆನ್ನುಹುರಿ ಪೂರ್ತಿ ತುಂಡಾಗದವರಲ್ಲಿ ಚಲನೆ ಸುಧಾರಿಸಲು ಅದನ್ನು ಸಂಶೋಧಕರು ನಿಗಾದಲ್ಲಿ ಪರೀಕ್ಷಿಸುತ್ತಿದ್ದಾರೆ. ಮನೆಯಲ್ಲಿ ಉಸಿರು ಕಟ್ಟಿ ಅದನ್ನು ಅನುಕರಿಸುವುದು ಅಪಾಯ.

ಬಿಗಿತ ಏಕಾಏಕಿ ಹೆಚ್ಚಿದರೆ ಮೊದಲು ಕಾರಣ ಹುಡುಕಿ: ತುಂಬಿದ ಮೂತ್ರಕೋಶ, ಮಡಚಿಕೊಂಡ ಕ್ಯಾತೆಟರ್ (ಮೂತ್ರದ ನಳಿಕೆ), ಮೂತ್ರದ ಸೋಂಕು, ಮಲಬದ್ಧತೆ, ಒತ್ತಡದ ಹುಣ್ಣು, ಒಳಬೆಳೆದ ಉಗುರು. ಟಿ-6ರ ಮೇಲಿನ ಗಾಯವಾದ್ದರಿಂದ ಜೊತೆಗೆ ಸಿಡಿಯುವ ತಲೆನೋವು, ಮುಖ ಕೆಂಪಾಗುವುದು, ಬೆವರು ಕಂಡರೆ ರಕ್ತದೊತ್ತಡ ಅಪಾಯಕರವಾಗಿ ಏರಿರಬಹುದು. ಕೂಡಲೇ ಎದ್ದು ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಸಡಿಲಿಸಿ, ಕ್ಯಾತೆಟರ್ ನೋಡಿ. ತಗ್ಗದಿದ್ದರೆ ತುರ್ತು ಚಿಕಿತ್ಸೆಗೆ ಒಯ್ಯಿರಿ.