ಬೇಸಿಗೆಯಲ್ಲಿ ಕಾಶಿಗೆ ಹೊರಟರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?

ಓದುಗರ ಪ್ರಶ್ನೆಗಳಿಗೆ ನಿವೃತ್ತ ರೈಲ್ವೆ ಬುಕಿಂಗ್ ಸಿಬ್ಬಂದಿಯೊಬ್ಬರ ಉತ್ತರ

ಪ್ರಶ್ನೆ: ಮೇ ತಿಂಗಳಲ್ಲಿ ಸಾಗರದಿಂದ ಕಾಶಿಗೆ ಹೋಗಬೇಕೆಂದಿದ್ದೇವೆ. ನಾನು, ನಮ್ಮ ಯಜಮಾನರು, 68 ವರ್ಷದ ಅತ್ತೆ ಮತ್ತು 7 ವರ್ಷದ ಮಗ. ಮಗನ ಶಾಲೆಗೆ ರಜೆ ಇರುವುದು ಆಗಲೇ. ಅತ್ತೆಗೆ ಬಿಪಿ ಇದೆ. ಎಲ್ಲರೂ ಸ್ಲೀಪರ್‌ನಲ್ಲೇ ಹೋಗಿ ದುಡ್ಡು ಉಳಿಸೋಣ ಅಂತಾರೆ ಯಜಮಾನರು. ಎಸಿ ಇಲ್ಲದೆ ಆಗುವುದೇ ಇಲ್ಲ ಅಂತೀನಿ ನಾನು. ಯಾರು ಸರಿ?
(ಓದುಗರು, ಸಾಗರ)

ಉತ್ತರ: ಅತ್ತೆಯವರ ವಿಷಯದಲ್ಲಿ ನೀವು ಸರಿ. ಉಳಿದ ಖರ್ಚಿನಲ್ಲಿ ಯಜಮಾನರ ಮಾತು ಕೇಳಿ.

ನಮ್ಮ ಕಡೆ ಮೇ ತಿಂಗಳಲ್ಲಿ ಎಷ್ಟೇ ಸೆಕೆ ಇದ್ದರೂ ಸಂಜೆ ಒಂದು ಮಳೆ ಬಂದರೆ ತಣ್ಣಗಾಗುತ್ತದೆ. ಸೊಲ್ಲಾಪುರ ದಾಟಿ ಭುಸಾವಳ, ಖಂಡ್ವಾ ಕಡೆ ಹಾಗಲ್ಲ. ಅಲ್ಲಿ ಮಧ್ಯಾಹ್ನ 42, 43 ಡಿಗ್ರಿ ಮಾಮೂಲು. ಗಾಳಿ ನಮ್ಮ ಚರ್ಮಕ್ಕಿಂತ ಬಿಸಿಯಾದ ಮೇಲೆ ಫ್ಯಾನ್ ಹಾಕಿದರೂ ಮೈಗೆ ಬಡಿಯುವುದು ಬಿಸಿ ಗಾಳಿಯೇ. ಸ್ಲೀಪರ್‌ನ ಮೇಲಿನ ಬರ್ತ್ ಅಂತೂ ಹಗಲಲ್ಲಿ ಕಾದ ಕಾವಲಿ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುತ್ತವೆ. ಅತ್ತೆಯವರ ಮಾತ್ರೆ ಅಂಥದ್ದಾ ಅಂತ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಥರ್ಡ್ ಎಸಿ ದರ ಸ್ಲೀಪರ್‌ನ ಸುಮಾರು ಎರಡೂವರೆ ಪಟ್ಟು. ನಾಲ್ಕು ಜನಕ್ಕೆ ಅದು ಭಾರವೇ, ನಿಜ. ಮೊದಲು ನೀವು ಹಿಡಿಯುವ ರೈಲಿನಲ್ಲಿ ಥರ್ಡ್ ಎಸಿ ಎಕಾನಮಿ ಇದೆಯಾ ನೋಡಿ. 2021ರಲ್ಲಿ ಬಂದ ಬೋಗಿ, ಶುರುವಿನಲ್ಲಿ ಒಂದರಲ್ಲಿ 83 ಬರ್ತ್ ಇತ್ತು. ಸ್ವಲ್ಪ ಇಕ್ಕಟ್ಟು, ಆದರೆ ದರ ಕಡಿಮೆ, ಹೊದಿಕೆಯನ್ನೂ ಕೊಡುತ್ತಾರೆ. ಅದೂ ಹೆಚ್ಚಾದರೆ ನೀವು, ಅತ್ತೆ, ಮಗ ಎಸಿಯಲ್ಲಿ ಕುಳಿತು ಯಜಮಾನರನ್ನು ಸ್ಲೀಪರ್‌ಗೆ ಕಳಿಸಿ. ಸ್ಲೀಪರ್ ಸಾಕು ಅಂದವರು ಅವರೇ ಅಲ್ವಾ! ಆದರೆ ಆ ಟಿಕೆಟ್ ಹಿಡಿದುಕೊಂಡು ಅವರು ಎಸಿ ಬೋಗಿಗೆ ಬಂದು ಕೂರುವ ಹಾಗಿಲ್ಲ. ಮಗನಿಗೆ ಬರ್ತ್ ಬೇಡ ಅಂದರೆ ಅರ್ಧ ಟಿಕೆಟ್ ಇದೆ. ಎರಡು ದಿನದ ದಾರಿಗೆ ನಾನದನ್ನು ಹೇಳುವುದಿಲ್ಲ. ಇಬ್ಬರಿಗೂ ನಿದ್ದೆ ಇರುವುದಿಲ್ಲ.

ಇನ್ನು ದಾರಿ. ಕಾಶಿಗೆ ಅಂದರೆ ಬೆಂಗಳೂರಿಗೇ ಹೋಗಬೇಕು ಅಂತ ನಮ್ಮ ಜನ ಸುಮ್ನೆ ದಕ್ಷಿಣಕ್ಕೆ ಅಷ್ಟು ದೂರ ಹೋಗಿ, ಮತ್ತೆ ಉತ್ತರಕ್ಕೆ ತಿರುಗುತ್ತಾರೆ. ಮೈಸೂರು–ವಾರಣಾಸಿ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ಅರಸೀಕೆರೆ, ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರದ ಮೇಲೆ ಹೋಗುತ್ತದೆ. ದಿನಾ ಇಲ್ಲ, ವಾರಕ್ಕೆ ಎರಡೇ ದಿನ. ಹಾಗಾಗಿ ಮೊದಲು ಅದರ ದಿನ ನೋಡಿ, ಆಮೇಲೆ ರಜೆ ಹಾಕಿ. ತಾಳಗುಪ್ಪದಿಂದ ಬೆಂಗಳೂರು, ಮೈಸೂರಿಗೆ ಹೋಗುವ ರೈಲುಗಳು ನಿಮ್ಮ ಸಾಗರ, ಶಿವಮೊಗ್ಗ, ಬೀರೂರು ದಾಟಿ ಅರಸೀಕೆರೆಗೇ ಬರುತ್ತವೆ. ಅಲ್ಲಿವರೆಗೆ ಅಗ್ಗದ ಸೀಟು ಸಾಕು. ಎಸಿಯ ದುಡ್ಡು ಅಲ್ಲಿಂದ ಮುಂದಕ್ಕೆ ಇರಲಿ. ಅರಸೀಕೆರೆಯಲ್ಲಿ ಮಾತ್ರ ಧಾರಾಳವಾಗಿ ಸಮಯ ಇಟ್ಟುಕೊಳ್ಳಿ.

ಕೌಂಟರಿನಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ವಿಷಯ ಹೇಳುತ್ತೇನೆ. ಮಧ್ಯದ ಸ್ಟೇಷನ್‌ನಿಂದ ಟಿಕೆಟ್ ಕೇಳಿದರೆ ಎಷ್ಟೋ ಸಲ ಸಿಗುವುದು ಸಣ್ಣ ಕೋಟಾ, ಅಂದರೆ ಮಧ್ಯದ ಸ್ಟೇಷನ್‌ಗಳಿಗೆ ಅಂತ ಇಟ್ಟ ಕೆಲವೇ ಬರ್ತ್. ಆ ವೇಟಿಂಗ್ ಲಿಸ್ಟ್ ಬೇಗ ಸರಿಯುವುದಿಲ್ಲ. ರೈಲು ಹೊರಡುವ ಊರಿನಿಂದಲೇ ಟಿಕೆಟ್ ಮಾಡಿಸಿ, ಹತ್ತುವ ಸ್ಟೇಷನ್ ಅರಸೀಕೆರೆ ಅಂತ ಬದಲಿಸಿಕೊಂಡರೆ ಜನರಲ್ ಕೋಟಾ ಸಿಗುತ್ತದೆ. ದರ ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ಬರ್ತ್ ಸಿಗುವ ಸಾಧ್ಯತೆಯೂ ಜಾಸ್ತಿ. ಬದಲಿಸಿದ ಮೇಲೆ ಹಿಂದಿನ ಸ್ಟೇಷನ್‌ನಲ್ಲಿ ಹತ್ತುವ ಹಕ್ಕು ಇರುವುದಿಲ್ಲ.

2024ರ ನವೆಂಬರ್‌ನಿಂದ ಬುಕಿಂಗ್ ತೆರೆಯುವುದು 60 ದಿನ ಮೊದಲು. ಹಿಂದಿನ 120 ದಿನದ ಲೆಕ್ಕ ಹಿಡಿದು ಕೂರಬೇಡಿ. ಮೇ 12ಕ್ಕೆ ಹೊರಡುವುದಾದರೆ ಮಾರ್ಚ್ 13ರ ಬೆಳಿಗ್ಗೆ 8 ಗಂಟೆಗೇ ಪ್ರಯತ್ನಿಸಿ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ. ಲೋಯರ್ ಬರ್ತ್ ಕೋಟಾ ಉಳಿದಿದೆ. ಆದರೆ ಅದಕ್ಕೆ ಅತ್ತೆಯವರ ಟಿಕೆಟ್ ಬೇರೆಯಾಗಿ ಮಾಡಿಸಬೇಕು, ಆಗ ಬೋಗಿಯೂ ಬೇರೆಯಾಗಬಹುದು. ನಿಮ್ಮ ಜೊತೆಗೇ ಮಾಡಿಸಿ. ವಯಸ್ಸು ನೋಡಿ, ಖಾಲಿ ಇದ್ದರೆ ಕೆಳಗಿನ ಬರ್ತ್ ತಾನಾಗಿಯೇ ಸಿಗುತ್ತದೆ.

ಇನ್ನೊಂದು ಮಾತು. ಕಾಶಿಯಾತ್ರೆಗೆ ತಲಾ 5,000 ರೂಪಾಯಿ ಸಹಾಯಧನದ ಯೋಜನೆಯನ್ನು ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ನೋಡಿ. ಸಿಕ್ಕರೆ ಎಸಿಯ ಜಗಳವೇ ಮುಗಿಯಿತು.

ಪ್ರಶ್ನೆ: ನಾವು ಮೂರು ಜನ ಗೆಳೆಯರು ಸ್ಲೀಪರ್‌ನಲ್ಲಿ ದೆಹಲಿಗೆ, ಅಲ್ಲಿಂದ ಮನಾಲಿಗೆ ಹೋಗುತ್ತೇವೆ. ಎಸಿಗೆ ದುಡ್ಡಿಲ್ಲ. ಧಗೆ ತಡೆಯುವುದು ಹೇಗೆ?
(ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ)

ಉತ್ತರ: ಹೋಗಿ, ಈ ವಯಸ್ಸಿಗೆ ತಡೆಯುತ್ತದೆ. ರೈಲು ಉತ್ತರಕ್ಕೆ ಹೋಗುವಾಗ ಮಧ್ಯಾಹ್ನದ ಮೇಲೆ ಬಿಸಿಲು ಎಡಗಡೆ ಕಿಟಕಿಗೆ ಹೊಡೆಯುತ್ತದೆ. ಆ ಕಡೆಯ ಶಟರ್ ಎಳೆದುಬಿಡಿ. ಗಾಳಿ ಬರಲಿ ಅಂತ ಎಲ್ಲಾ ಕಿಟಕಿ ತೆರೆದಿಡುವುದು ನಮ್ಮವರ ಅಭ್ಯಾಸ. 40 ಡಿಗ್ರಿ ಮೇಲೆ ಹೋದಾಗ ಒಳಗೆ ಬರುವುದು ಬರೀ ಝಳ. ನೆರಳಿನ ಕಡೆ ಕಿಟಕಿಗೆ ಒದ್ದೆ ಟವೆಲ್ ಕಟ್ಟಿ, ಆಗಾಗ ನೀರು ಹಾಕಿ. ಅಲ್ಲಿನ ಗಾಳಿ ಒಣ ಗಾಳಿ, ಹಾಗಾಗಿ ನೀರು ಆರುತ್ತಾ ತಂಪು ಕೊಡುತ್ತದೆ. ಮಂಗಳೂರಿನ ಬೆವರು ಸೆಕೆಗೆ ಈ ಉಪಾಯ ನಡೆಯುವುದಿಲ್ಲ. ಹಗಲು ಮೂವರೂ ಕೆಳಗೆ ಕೂರಿ. ಮಿಡ್ಲ್ ಬರ್ತ್ ಬಿಡಿಸಲು ಅವಕಾಶ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ.

ಬುತ್ತಿಯಲ್ಲಿ ತೆಂಗಿನಕಾಯಿ ತುರಿ ಇರಬಾರದು. ಮಲೆನಾಡಿನವರಿಗೆ ಇದು ಕಷ್ಟ, ಗೊತ್ತು. ಚಟ್ನಿ, ಕಾಯಿ ಹಾಕಿದ ಚಿತ್ರಾನ್ನ ಆ ಬಿಸಿಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಮೊಸರನ್ನವೂ ಬೇಡ. ಚಪಾತಿ, ಪುಳಿಯೋಗರೆ, ಹುರಿದ ಅವಲಕ್ಕಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಮೊದಲ ದಿನ ಕಳೆಯುತ್ತದೆ. ಒಣಗಿಸಿದ ಮುರುಗಲು ಸಿಪ್ಪೆ ಒಂದು ಹಿಡಿ ತೆಗೆದುಕೊಳ್ಳಿ. ಬಾಟಲಿಗೆ ಹಾಕಿ, ಉಪ್ಪು ಸಕ್ಕರೆ ಸೇರಿಸಿದರೆ ಅಂಗಡಿಯ ತಂಪು ಪಾನೀಯ ಬೇಕಾಗುವುದಿಲ್ಲ. ರೈಲ್ ನೀರ್ ಒಂದು ಲೀಟರಿಗೆ 2025ರ ಸೆಪ್ಟೆಂಬರ್‌ನಿಂದ 14 ರೂಪಾಯಿ. ಜಾಸ್ತಿ ಕೇಳಿದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ಒಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಒಂದು ಲೀಟರಿನ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರಿಗೇ ಕಲಸಬೇಕು, ಅರ್ಧ ಅರ್ಧ ಹಾಕಬಾರದು. ಯಾರಾದರೂ ಮೈ ಸುಡುತ್ತಾ ಏನೇನೋ ಮಾತಾಡಲು ಶುರು ಮಾಡಿದರೆ ಅದು ಬರೀ ಸುಸ್ತಲ್ಲ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, ಕೂಡಲೇ 139ಕ್ಕೆ ಹೇಳಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ಸ್ಲೀಪರ್ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಹತ್ತಿ, ಟಿಟಿಇಗೆ ಹೇಳಿ ಹೋಗಬಹುದಾ?
(ಓದುಗರು, ಭದ್ರಾವತಿ)

ಉತ್ತರ: ಇಲ್ಲ. ಆನ್‌ಲೈನ್ ಟಿಕೆಟ್ ಆದರೆ ಚಾರ್ಟ್, ಅಂದರೆ ಯಾರಿಗೆ ಯಾವ ಬರ್ತ್ ಅನ್ನುವ ಕೊನೆಯ ಪಟ್ಟಿ, ಆದ ಮೇಲೆ ತಾನಾಗಿಯೇ ರದ್ದಾಗಿ ದುಡ್ಡು ವಾಪಸ್ ಬರುತ್ತದೆ. ಕೌಂಟರ್ ಟಿಕೆಟ್ ಆದರೂ ರಿಸರ್ವೇಶನ್ ಬೋಗಿಗೆ ಹತ್ತುವಂತಿಲ್ಲ, ದಂಡ ಹಾಕುತ್ತಾರೆ. ಆರ್‌ಎಸಿ ಬಂದಿದ್ದರೆ ಹೋಗಿ, ಸೈಡ್ ಲೋಯರ್‌ನಲ್ಲಿ ಅರ್ಧ ಜಾಗ ನಿಮ್ಮದು. ಕೊನೆ ಗಳಿಗೆಯ ಬುಕಿಂಗ್ ಆದ ತತ್ಕಾಲ್‌ನಲ್ಲಿ ನೋಡುವುದಾದರೆ ರೈಲು ಹೊರಡುವ ಹಿಂದಿನ ದಿನ, ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ. ಆನ್‌ಲೈನ್ ತತ್ಕಾಲ್‌ಗೆ 2025ರ ಜುಲೈನಿಂದ ಖಾತೆಗೆ ಆಧಾರ್ ಜೋಡಿಸಿರಬೇಕು. ಆ ಕೆಲಸವನ್ನು ಹಿಂದಿನ ವಾರವೇ ಮುಗಿಸಿಕೊಳ್ಳಿ.