ಶಿವಮೊಗ್ಗದಲ್ಲಿ ಇಇಇ ಸೀಟು ಸಿಕ್ಕಿದೆ, ಸಾಲ ಮಾಡಿ ಬೆಂಗಳೂರಿಗೆ ಹೋಗಲೇ?

ನಿಮಗೆ ಸಿಇಟಿಯಲ್ಲಿ ಸಿಕ್ಕಿದ್ದು ಶಿವಮೊಗ್ಗದ ಇಇಇ (ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್) ಸೀಟು, ಸಾಲ ತೆಗೆದರೆ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟು. ‘ಸಣ್ಣ ಊರಲ್ಲಿ ಓದಿದರೆ ಎಕ್ಸ್‌ಪೋಶರ್ ಸಿಗಲ್ಲ’ ಅಂದಿದ್ದೀರಲ್ಲ, ಈ ಮಾತನ್ನು ಓದಿದಷ್ಟೂ ವರ್ಷ ನಾನೂ ಆಡಿಕೊಂಡು ತಿರುಗಿದವನೇ.

ನಮ್ಮದು ಹೊಸನಗರದ ಕಡೆ, ಅಡಿಕೆ ತೋಟದ ಮನೆ. ಇಇಇ ಓದಿದ್ದು ಶಿವಮೊಗ್ಗದಲ್ಲಿ. ಕ್ಲಾಸಿನಲ್ಲಿ ಅರ್ಧಕ್ಕರ್ಧ ಸಾಗರ, ಸೊರಬ, ತೀರ್ಥಹಳ್ಳಿಯವರು. ಶನಿವಾರ ಬಂತೆಂದರೆ ಬಟ್ಟೆಯ ಗಂಟು ಹೊತ್ತು ಊರಿನ ಬಸ್ಸು ಹತ್ತುವ ಗಿರಾಕಿಗಳು. ಮಾರ್ಕ್ಸಿಗೇನೂ ತೊಂದರೆ ಇರಲಿಲ್ಲ.

ಎಡವಿದ್ದು ಕೊನೇ ವರ್ಷದ ಪ್ರಾಜೆಕ್ಟಿನಲ್ಲಿ. ನಾಲ್ವರು ದುಡ್ಡು ಹಾಕಿ ಬೆಂಗಳೂರಿನ ಅಂಗಡಿಯೊಂದರಿಂದ ರೆಡಿಮೇಡ್ ತಂದೆವು. ಕರೆಂಟಿನ ಲೈನಿನಲ್ಲಿ ಫಾಲ್ಟ್ ಆದರೆ ಮೊಬೈಲಿಗೆ ಮೆಸೇಜು ಬರುವಂಥದ್ದು. ಪ್ಲೈವುಡ್ ಹಲಗೆ, ಅದರ ಮೇಲೆ ಪುಟ್ಟ ಕಂಬಗಳು, ಮೂಲೆಯಲ್ಲಿ ಟಕ್ ಟಕ್ ಅನ್ನುವ ನೀಲಿ ರಿಲೇ, ಅಂದರೆ ಒಳಗಿನ ತಂತಿಸುರುಳಿಗೆ (ಕಾಯಿಲ್) ಕರೆಂಟು ಕೊಟ್ಟರೆ ಆನ್ ಆಗುವ ಸ್ವಿಚ್ಚು. ರಿಪೋರ್ಟನ್ನೂ ಅಂಗಡಿಯವನೇ ಬರೆದು, ಬಂಗಾರದ ಅಕ್ಷರದಲ್ಲಿ ಬೈಂಡ್ ಮಾಡಿ ಕೊಟ್ಟ. ವೈವಾದಲ್ಲಿ ಭರ್ತಿ ಮಾರ್ಕ್ಸು.

ಆಮೇಲೆ ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಂಪನಿಯೊಂದರ ಇಂಟರ್‌ವ್ಯೂ. ಎದುರಿಗಿದ್ದವರು ಹಾಳೆ ಕೊಟ್ಟು ಪ್ರಾಜೆಕ್ಟಿನ ಸರ್ಕ್ಯೂಟ್ ಬರೆಯಿರಿ ಅಂದರು. ಬಾಯಿಪಾಠ ಮಾಡಿದ್ದೆ, ಬರೆದೆ. ಅವರು ರಿಲೇ ಕಾಯಿಲಿನ ಪಕ್ಕ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗದ ಮೇಲೆ ಪೆನ್ನಿಟ್ಟು, ‘ಈ ಡಯೋಡ್ ಯಾಕೆ?’ ಅಂದರು. ‘ಎಸಿಯನ್ನು ಡಿಸಿ ಮಾಡೋಕೆ ಸರ್’ ಅಂದೆ. ಇಡೀ ಬೋರ್ಡು ಓಡುವುದೇ 12 ವೋಲ್ಟ್ ಡಿಸಿಯಲ್ಲಿ! ಅವರು ಹಾಳೆ ಮಡಚಿಟ್ಟು ಊರು ಯಾವುದು, ಅಡಿಕೆ ರೇಟು ಹೇಗಿದೆ ಅಂತ ವಿಚಾರಿಸಿದರು. ಅಲ್ಲಿಗೆ ಮುಗಿಯಿತು.

ಇದು ಮಹಾ ವಿದ್ಯೆಯೇನಲ್ಲ. ಕಾಯಿಲಿನಲ್ಲಿ ಹರಿಯುತ್ತಿರುವ ಕರೆಂಟು ಒಮ್ಮೆಲೇ ನಿಲ್ಲುವುದಿಲ್ಲ. ರಿಲೇಯನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಆಫ್ ಆದ ಕೂಡಲೇ ಅದೇ 12 ವೋಲ್ಟಿನ ಬೋರ್ಡಿನಲ್ಲಿ ನೂರಾರು ವೋಲ್ಟ್ ಚಿಮ್ಮಿ ಟ್ರಾನ್ಸಿಸ್ಟರನ್ನೇ ಸುಡಬಹುದು. ಆ ಕರೆಂಟು ಕಾಯಿಲಿನಲ್ಲೇ ಸುತ್ತಿ ಸುತ್ತಿ ಇಳಿಯಲಿ ಅಂತ ಅಡ್ಡಲಾಗಿ ಒಂದು ಡಯೋಡ್, ಚಿಲ್ಲರೆ ಕಾಸಿನ 1ಎನ್4007. ಇದರದೇ ಸೂತ್ರ ‘ಎಲ್ ಡಿಐ ಬೈ ಡಿಟಿ’ ಅಂತ ಪರೀಕ್ಷೆಯಲ್ಲಿ ಎಷ್ಟು ಸಲ ಗೀಚಿದ್ದೆನೋ. ಒಂದೇ ಒಂದು ಬೋರ್ಡನ್ನು ಕೈಯಾರೆ ಬೆಸುಗೆ ಹಾಕಿದ್ದರೂ ಡಯೋಡ್ ಮರೆತು, ಟ್ರಾನ್ಸಿಸ್ಟರ್ ಸುಟ್ಟು, ಆ ವಾಸನೆಗೇ ಪಾಠ ತಲೆಗೆ ಹತ್ತಿರುತ್ತಿತ್ತು. ತಂದದ್ದನ್ನಾದರೂ ಬಿಚ್ಚಿ ನೋಡಬಹುದಿತ್ತು. ಕೆಟ್ಟರೆ ಡೆಮೋ ಹಾಳಾದೀತು ಅಂತ ಯಾರಿಗೂ ಮುಟ್ಟಲು ಬಿಡಲಿಲ್ಲ, ನಾನೂ ಮುಟ್ಟಲಿಲ್ಲ.

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ಬೇಸಿಗೆ ಬಂದರೆ ನಮ್ಮ ತೋಟದ ಮೋಟರು ಲೋ ವೋಲ್ಟೇಜಿಗೆ ಗುಂಯ್ ಅನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಇಂಥ ಇಂಡಕ್ಷನ್ ಮೋಟರಿನ ಟಾರ್ಕು (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 415 ವೋಲ್ಟ್ ಬರಬೇಕಾದ ಕಡೆ 332 ಬಂದರೆ ಉಳಿಯುವುದು ಶೇ. 64 ಮಾತ್ರ. ಮೀಟರ್ ಹಿಡಿದು ಹೊತ್ತುಹೊತ್ತಿಗೆ ವೋಲ್ಟೇಜ್ ಬರೆದಿಟ್ಟು, ಕೆಪಾಸಿಟರ್ ಹಾಕಿದರೆ ಲೈನಿನ ಕರೆಂಟು ಎಷ್ಟು ಇಳಿದು ವೋಲ್ಟೇಜ್ ಎಷ್ಟು ಏರುತ್ತದೆ ಅಂತ ನೋಡಿದ್ದರೆ ಅದೇ ಪ್ರಾಜೆಕ್ಟು, ಅಪ್ಪನ ಬೈಗುಳವೂ ತಪ್ಪುತ್ತಿತ್ತು.

ಎಕ್ಸ್‌ಪೋಶರ್ ಅಂದಿರಲ್ಲ ಮಾರಾಯ್ರೆ, ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಯೂನಿಟ್ ಇವೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರದ್ದು. ವಾರಾಹಿಯದಂತೂ ನೆಲದೊಳಗೇ ಇದೆ. ಇಇಇ ಓದುವವನಿಗೆ ಇಂಥದ್ದು ಬೆಂಗಳೂರಿನ ಯಾವ ಗಲ್ಲಿಯಲ್ಲಿದೆ? ನಾನು ಮಳೆಗಾಲಕ್ಕೊಮ್ಮೆ ನೆಂಟರನ್ನು ಜೋಗಕ್ಕೆ ಕರೆದೊಯ್ದು ಫೋಟೋ ಹೊಡೆಸಿಕೊಂಡು ಬಂದೆ. ನೀವು ಕಾಲೇಜಿನ ಪತ್ರ ಹಿಡಿದು ಒಳಗೆ ಬಿಡಿ ಅಂತ ಕೇಳಿ.

ನೀವು ಬರೆದ ಪ್ರಕಾರ ಎರಡೂ ಕಾಲೇಜು ವಿಟಿಯುವಿನವೇ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), ಯಾವುದೂ ಸ್ವಾಯತ್ತ ಅಲ್ಲ. ಅಂದಮೇಲೆ ಸಿಲೆಬಸ್ಸೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಶಿವಮೊಗ್ಗಕ್ಕೆ ಕಂಪನಿಗಳು ಬರುವುದು ಕಡಿಮೆ, ಅದು ಸುಳ್ಳಲ್ಲ. ಇಂಟರ್‌ವ್ಯೂಗೆ ರಾತ್ರಿ ಬಸ್ಸು ಹತ್ತಬೇಕಾಗುತ್ತದೆ, ಹತ್ತಿ. ಬಸ್ ಚಾರ್ಜು ಉಳಿಸಲಿಕ್ಕೆ ಯಾರಾದರೂ ತೋಟ ಅಡ ಇಡುತ್ತಾರೆಯೇ?

ನಾನು ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡಿನ ವೈರಿಂಗ್ ಮಾಡಿ, ವೈರಿನ ತುದಿಗೆ ಲಗ್ ಅನ್ನುವ ಲೋಹದ ಕೊಂಡಿ ಒತ್ತಿ ಒತ್ತಿ ಕೈ ಬೊಬ್ಬೆ ಬಂದಮೇಲೆ ಕೆಲಸ ಕಲಿತೆ. ಈಗ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಇಂಡಕ್ಷನ್ ಫರ್ನೇಸಿನ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹುಡುಗರು ಕೆಲಸ ಕೇಳಿಕೊಂಡು ಬಂದರೆ ಕಾಲೇಜಿನ ಹೆಸರು ಕೇಳುವುದಿಲ್ಲ, ಪ್ರಾಜೆಕ್ಟ್ ಯಾರು ಮಾಡಿದ್ದು ಅಂತ ಕೇಳುತ್ತೇನೆ.

ಸೇರಿದ ಮೊದಲ ತಿಂಗಳೇ ಒಂದು ಮಲ್ಟಿಮೀಟರ್, ಒಂದು ಸೋಲ್ಡರಿಂಗ್ ಐರನ್ ತಗೊಳ್ಳಿ. ಆದರೆ ಹೋಗುವುದು ಸಾಫ್ಟ್‌ವೇರಿಗೇ ಅಂತ ಈಗಲೇ ತೀರ್ಮಾನ ಮಾಡಿದ್ದರೆ ಇಇಇ ತಗೊಳ್ಳಲೇಬೇಡಿ, ಅದು ಯಾವ ಊರಲ್ಲಾದರೂ ಸರಿ. ಆಪ್ಷನ್ ಪಟ್ಟಿಯಲ್ಲಿ ಕಂಪ್ಯೂಟರ್ ಸೈನ್ಸನ್ನು ಇದಕ್ಕಿಂತ ಮೇಲೆ ಹಾಕಿದ್ದೀರಾದರೆ ಚಾಯ್ಸ್ 2 ಕೊಡಿ. ಈ ಸೀಟು ಕೈಯಲ್ಲಿರುತ್ತದೆ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ಅದಕ್ಕೆ ಹೋಗಿ.