ಬಡ್ಡಿ ಹಾಲಿಯನ್ನು ಕುರಿತ ನಿಮ್ಮ ಲೇಖನ

ಮಾನ್ಯರೇ,

ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹಾಲಿಯ ಹಾಡುಗಳನ್ನು ತಡವಾಗಿ ಕೇಳಿ ಮೆಚ್ಚಿಕೊಂಡ ಬಗೆಯನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ.

ಆರು ಪುಟಗಳಲ್ಲಿ ಮೂರನ್ನು ನೀವು 1959ರ ಫೆಬ್ರವರಿ 3ರ ವಿಮಾನ ಅಪಘಾತಕ್ಕೇ ಮೀಸಲಿಟ್ಟಿದ್ದೀರಿ. ಅಯೋವಾದ ಚಳಿ, ಪುಟ್ಟ ವಿಮಾನ, 22ರ ಹರೆಯದ ಸಾವು ಎಲ್ಲವೂ ನಿಜವೇ. ಆದರೆ ಸಾವಿನ ಮರುಕವನ್ನು ತೋರಿಸಿ ಹಾಡಿಗೆ ಬೆಲೆ ಕಟ್ಟಿಸಲು ಹೊರಟಂತೆ ಅದು ಕಾಣುತ್ತದೆ. ನಾಲ್ಕನೆಯ ಪುಟದಲ್ಲಿ, ರಾತ್ರಿ ಬಸ್ಸಿನಲ್ಲಿ ‘ಎವ್ರಿಡೇ’ ಕೇಳುತ್ತಿದ್ದಾಗ ಹಿಂದಿನ ತಾಳ ಡ್ರಮ್ಮಿನದಲ್ಲವೆಂದು ಥಟ್ಟನೆ ಹೊಳೆಯಿತು ಎಂಬ ಒಂದು ವಾಕ್ಯವಿದೆ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. 1957ರಲ್ಲಿ ನ್ಯೂ ಮೆಕ್ಸಿಕೋದ ಕ್ಲೋವಿಸ್ ಊರಿನ ನಾರ್ಮನ್ ಪೆಟ್ಟಿಯವರ ಸ್ಟುಡಿಯೋದಲ್ಲಿ ಆ ಹಾಡನ್ನು ಧ್ವನಿಮುದ್ರಿಸುವಾಗ ಡ್ರಮ್ ವಾದಕ ಜೆರ್ರಿ ಆಲಿಸನ್ ತಮ್ಮ ಮೊಣಕಾಲುಗಳನ್ನೇ ತಟ್ಟಿ ಲಯ ಕೊಟ್ಟರು. ಪೆಟ್ಟಿಯವರ ಪತ್ನಿ, ಪಿಯಾನೋದಂತೆ ಬೆರಳಿನಲ್ಲಿ ಒತ್ತಿದರೆ ಪುಟ್ಟ ಗಂಟೆಗಳಂತೆ ನುಡಿಯುವ ಸೆಲೆಸ್ಟಾ ವಾದ್ಯವನ್ನು ನುಡಿಸಿದರು. ಕಛೇರಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುವವರನ್ನು ನೋಡುತ್ತ ಬೆಳೆದ ನಮ್ಮ ಓದುಗರನ್ನು ಈ ಹಾಡಿನೊಳಗೆ ಕರೆದೊಯ್ಯಲು ಇದಕ್ಕಿಂತ ಹತ್ತಿರದ ದಾರಿ ನಿಮಗೆ ಸಿಗದು, ಮತ್ತು ಆ ದಾರಿಯನ್ನು ನಿಮ್ಮ ಕಿವಿಯೇ ಹುಡುಕಿಕೊಂಡಿದೆ.

ಹಾಲಿಯ ಕಂಠದ ಆ ಪ್ರಸಿದ್ಧ ಬಿಕ್ಕಳಿಕೆಯನ್ನು ನೀವು ಗಮಕಕ್ಕೆ ಹೋಲಿಸಿದ್ದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಮಕದಲ್ಲಿ ದನಿ ಸ್ವರದಿಂದ ಸ್ವರಕ್ಕೆ ಜಾರುತ್ತದೆ, ತೂಗುತ್ತದೆ. ಹಾಲಿಯಾದರೋ ಒಂದೇ ಅಕ್ಷರವನ್ನು ಒಡೆದು ಚೂರುಗಳನ್ನು ಲಯದ ಮೇಲೆ ಎಸೆಯುತ್ತಾನೆ. ಹೋಲಿಕೆಯನ್ನು ಬಿಡಬೇಡಿ, ತಿರುಗಿಸಿ: ಗಮಕಕ್ಕೆ ಒಗ್ಗಿದ ಕಿವಿಗೆ ಅದು ಮೊದಲು ಹೇಗೆ ಎಡವಿದಂತೆ ಕೇಳಿಸಿತು, ಯಾವ ಹಾಡಿನಲ್ಲಿ ಹಿಡಿಸತೊಡಗಿತು ಎಂಬುದನ್ನು ಬರೆಯಿರಿ. ಅದನ್ನು ಬರೆದಾಗ ಹನ್ನೊಂದು ಕಡೆ ಬಂದಿರುವ ‘ಅದ್ಭುತ’ ತಾನಾಗಿ ಉದುರುತ್ತದೆ.

ಆತ ಗಿಟಾರಿನ ಸರಳ ಹಾಡುಗಳಿಗಷ್ಟೇ ಸೀಮಿತನಾಗಿದ್ದ ಎಂಬ ಮಾತು ತಪ್ಪು. 1958ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಪಿಟೀಲುಗಳ ವೃಂದದೊಂದಿಗೆ ಧ್ವನಿಮುದ್ರಿಸಿದ ‘ಟ್ರೂ ಲವ್ ವೇಸ್’ ಕೇಳಿದ ಮೇಲೆ ಆ ಪ್ಯಾರಾವನ್ನು ತಿದ್ದಿ.

‘ಬಡ್ಡಿ’ ಎಂಬ ಹೆಸರಿಟ್ಟುಕೊಂಡು ಸಾಲ, ಅಸಲು ಎಂದು ಮಾಡಿದ ಚಮತ್ಕಾರಕ್ಕೆ ನಾನೂ ನಕ್ಕೆ, ಆದರೆ ಮೊದಲ ಸಲ ಮಾತ್ರ. ಉಳಿದ ಎರಡನ್ನು ತೆಗೆಯಿರಿ. ಮೂರು ಪುಟಕ್ಕೆ ಇಳಿಸಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಇತಿ,
ಸಂಪಾದಕ